ಅರ್ಥಶಾಸ್ತ್ರದ ಡೈನಾಮಿಕ್ ಮಾಡೆಲ್‌ಗಳು: ಗಣಿತವನ್ನು ಯಾವ ಕ್ರಮದಲ್ಲಿ ಕಲಿಯಬೇಕು

ಪದವಿ ತರಗತಿಯ ಅರ್ಥಶಾಸ್ತ್ರದಲ್ಲಿ ಬೇಡಿಕೆಯ ಗೆರೆ, ಪೂರೈಕೆಯ ಗೆರೆ ಒಂದನ್ನೊಂದು ಕತ್ತರಿಸಿದರೆ ಕೆಲಸ ಮುಗಿಯಿತು. ಆ ಬಿಂದುವೇ ಸಮತೋಲನ. ಸ್ನಾತಕೋತ್ತರ ಹಂತಕ್ಕೆ ಬಂದ ಕೂಡಲೇ ಪ್ರತಿ ಅಕ್ಷರದ ಕೆಳಗೂ ಕಾಲವನ್ನು ತೋರಿಸುವ ಒಂದು ಪುಟ್ಟ ‘ಟಿ’ ಬಂದು ಕೂರುತ್ತದೆ. ಈ ವರ್ಷದ ಬಂಡವಾಳ ಮುಂದಿನ ವರ್ಷದ ಉತ್ಪಾದನೆಯನ್ನು ತೀರ್ಮಾನಿಸುತ್ತದೆ. ಮುಂದಿನ ವರ್ಷ ಏನಾಗಬಹುದು ಎಂಬ ನಿರೀಕ್ಷೆ ಈ ವರ್ಷದ ಖರ್ಚನ್ನು ತೀರ್ಮಾನಿಸುತ್ತದೆ. ಗಾಬರಿ ಶುರುವಾಗುವುದು ಇಲ್ಲೇ.

ಗಾಬರಿಗೆ ಮುಖ್ಯ ಕಾರಣ ಗಣಿತ ಕಷ್ಟ ಅನ್ನುವುದಲ್ಲ, ಕಲಿಯುವ ಕ್ರಮ ತಲೆಕೆಳಗಾಗಿರುವುದು. ಹೆಚ್ಚಿನ ಕೋರ್ಸ್‌ಗಳಲ್ಲಿ ಪ್ರಮೇಯ ಮೊದಲು ಬರುತ್ತದೆ, ಸಾಧನೆ ಆಮೇಲೆ, ಅಂಕಿಗಳು ಬರುವುದೇ ಇಲ್ಲ. ನನ್ನ ಸಲಹೆ ಇದಕ್ಕೆ ಉಲ್ಟಾ. ಯಾವ ಡೈನಾಮಿಕ್ ಮಾಡೆಲ್ ಸಿಕ್ಕರೂ ಮೊದಲು ಅದಕ್ಕೆ ಅಂಕಿ ಹಾಕಿ, ನಾಲ್ಕೈದು ಅವಧಿ ಕೈಯಲ್ಲೇ ಲೆಕ್ಕ ಮಾಡಿ. ಆಮೇಲೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನಾಳೆಯನ್ನು ಹೇಳಲು ಇವತ್ತಿನ ಯಾವ ಸಂಖ್ಯೆ ಗೊತ್ತಿದ್ದರೆ ಸಾಕು? ಇವತ್ತಿನಿಂದ ನಾಳೆಗೆ ಹೋಗುವ ನಿಯಮ ಏನು? ಆ ನಿಯಮ ಎಲ್ಲಿ ನಿಂತುಬಿಡುತ್ತದೆ? ನಿಂತ ಜಾಗದಿಂದ ಸ್ವಲ್ಪ ಸರಿಸಿದರೆ ವಾಪಸ್ ಬರುತ್ತದೋ, ದೂರ ಓಡುತ್ತದೋ? ಕೆಳಗೆ ಬರುವುದೆಲ್ಲ ಈ ನಾಲ್ಕು ಪ್ರಶ್ನೆಗಳ ಸುತ್ತಲೇ ಇದೆ.

ಹೊರಡುವ ಮುಂಚೆ ಏನು ಬೇಕು

ಜಾಸ್ತಿ ಏನೂ ಬೇಡ. ಲಾಗ್, ಡೆರಿವೇಟಿವ್, ಎರಡು ಸಾಲು ಎರಡು ಕಂಬದ ಮ್ಯಾಟ್ರಿಕ್ಸ್, ವರ್ಗ ಸಮೀಕರಣ ಬಿಡಿಸುವುದು, ಇಷ್ಟು ಗಟ್ಟಿ ಇದ್ದರೆ ಸಾಕು. ಲಾಗ್ ಬಗ್ಗೆ ಒಂದು ಮಾತು. 1.05ರ ಸಹಜ ಲಾಗ್ 0.0488. ಅಂದರೆ ಬೆಳವಣಿಗೆ ದರ ಚಿಕ್ಕದಾಗಿದ್ದಾಗ ಲಾಗ್‌ನ ವ್ಯತ್ಯಾಸವೂ ಶೇಕಡಾ ಬೆಳವಣಿಗೆಯೂ ಹೆಚ್ಚುಕಡಿಮೆ ಒಂದೇ. ಇದರಿಂದ ಗುಣಾಕಾರವೆಲ್ಲ ಕೂಡುವ ಲೆಕ್ಕವಾಗುತ್ತದೆ. ವರ್ಷಕ್ಕೆ ಶೇ 7ರಂತೆ ಬೆಳೆಯುವುದು ಸುಮಾರು 10 ವರ್ಷಕ್ಕೆ ಎರಡುಪಟ್ಟು ಆಗುತ್ತದೆ ಎಂಬ 70ರ ಸೂತ್ರವೂ ಇಲ್ಲಿಂದಲೇ ಬಂದದ್ದು.

ಕಷ್ಟದ ಇಂಟಿಗ್ರೇಷನ್ ಟ್ರಿಕ್‌ಗಳು, ನಾಲ್ಕು ಸಾಲಿನ ಡಿಟರ್ಮಿನೆಂಟ್ ಕೈಯಲ್ಲಿ ಬಿಡಿಸುವುದು, ಇವಕ್ಕೆಲ್ಲ ಈಗಲೇ ಸಮಯ ಹಾಳುಮಾಡಬೇಡಿ. ಪರೀಕ್ಷೆಗೆ ಬೇಕಾದರೆ ಆಗ ನೋಡಿಕೊಂಡರಾಯಿತು.

ಹೆಜ್ಜೆ 1: ಒಂದು ಬೆಲೆ, ಒಂದು ನಿಯಮ

ಡಿಫರೆನ್ಷಿಯಲ್ ಸಮೀಕರಣದಿಂದ ಶುರು ಮಾಡಬೇಡಿ. ವ್ಯತ್ಯಾಸ ಸಮೀಕರಣದಿಂದ ಶುರು ಮಾಡಿ, ಅಂದರೆ ವರ್ಷದಿಂದ ವರ್ಷಕ್ಕೆ ಜಿಗಿಯುವ ಲೆಕ್ಕದಿಂದ. ಅದನ್ನು ಕೈಯಲ್ಲಿ ಮಾಡಬಹುದು. ಜೊತೆಗೆ ಅರ್ಥಶಾಸ್ತ್ರದ ಅಂಕಿಅಂಶಗಳೂ ಬರುವುದು ತಿಂಗಳಿಗೊಮ್ಮೆ, ತ್ರೈಮಾಸಿಕಕ್ಕೊಮ್ಮೆ, ವರ್ಷಕ್ಕೊಮ್ಮೆ.

ಒಳ್ಳೆಯ ಮೊದಲ ಉದಾಹರಣೆ ಕಾಬ್‌ವೆಬ್ ಮಾಡೆಲ್. ಬೆಳೆಗಾರರು ಕಳೆದ ವರ್ಷದ ಬೆಲೆ ನೋಡಿ ಈ ವರ್ಷ ಎಷ್ಟು ಬೆಳೆಯಬೇಕೆಂದು ತೀರ್ಮಾನಿಸುತ್ತಾರೆ. ಕೊಳ್ಳುವವರು ಈ ವರ್ಷದ ಬೆಲೆ ನೋಡಿ ಕೊಳ್ಳುತ್ತಾರೆ. ಅಂಕಿ ಹಾಕೋಣ.

ಬೇಡಿಕೆ = 100 − 2 × ಈ ವರ್ಷದ ಬೆಲೆ
ಪೂರೈಕೆ = 10 + ಕಳೆದ ವರ್ಷದ ಬೆಲೆ

ಎರಡನ್ನೂ ಸಮ ಮಾಡಿದರೆ ನಿಯಮ ಸಿಗುತ್ತದೆ:

ಈ ವರ್ಷದ ಬೆಲೆ = 45 − 0.5 × ಕಳೆದ ವರ್ಷದ ಬೆಲೆ

ಇದು ಎಲ್ಲಿ ನಿಲ್ಲುತ್ತದೆ? ಎರಡೂ ವರ್ಷದ ಬೆಲೆ ಒಂದೇ ಆಗುವಲ್ಲಿ. ಅದು 30. ಈಗ 40ರಿಂದ ಹೊರಡಿ. ಮುಂದಿನ ವರ್ಷ 25, ಆಮೇಲೆ 32.5, ಆಮೇಲೆ 28.75, ಆಮೇಲೆ 30.625. ಈ ಬೆಲೆಗಳನ್ನೇ ನೋಡುತ್ತಾ ಕೂತರೆ ಏನೂ ಹೊಳೆಯುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, 30ರಿಂದ ಎಷ್ಟು ದೂರ ಇದೆ ಎಂದು ಬರೆಯಿರಿ: +10, −5, +2.5, −1.25, +0.625. ಪ್ರತಿ ಸಲ −0.5ರಿಂದ ಗುಣಿಸಿದಂತೆ, ಅಷ್ಟೇ. ಇಡೀ ವಿಷಯದ ಜೀವ ಇರುವುದು ಈ ಎರಡನೇ ಕಾಲಂನಲ್ಲಿ. ನೀವು ಮುಂದೆ ಕಲಿಯುವ ಐಗನ್ ಮೌಲ್ಯ ಅನ್ನುವುದು ಈ −0.5ರ ದೊಡ್ಡಣ್ಣ.

ಈಗ ಪೂರೈಕೆಯ ಇಳಿಜಾರನ್ನು 1ರ ಬದಲು 3 ಮಾಡಿ. ನಿಯಮ 45 − 1.5 × ಕಳೆದ ವರ್ಷದ ಬೆಲೆ ಆಗುತ್ತದೆ, ನಿಲ್ಲುವ ಜಾಗ 18. 20ರಿಂದ ಹೊರಟರೆ 15, 22.5, 11.25, 28.125. ದೂರದ ಕಾಲಂ: +2, −3, +4.5, −6.75, +10.125. ಬೆಲೆ ಹುಚ್ಚೆದ್ದು ಕುಣಿಯುತ್ತಿದೆ. ಸಮತೋಲನ ಇದೆ, ಆದರೆ ಅಲ್ಲಿಗೆ ಯಾರೂ ತಲುಪುವುದಿಲ್ಲ. ಎರಡು ಗೆರೆ ಕತ್ತರಿಸುವ ಚಿತ್ರದಿಂದ ಈ ಸಂಗತಿ ಎಂದೂ ತಿಳಿಯುತ್ತಿರಲಿಲ್ಲ ಅಲ್ವಾ?

ಸೂತ್ರ ಇಷ್ಟು: ಗುಣಕದ ಗಾತ್ರ, ಚಿಹ್ನೆ ಬಿಟ್ಟು, 1ಕ್ಕಿಂತ ಚಿಕ್ಕದಿದ್ದರೆ ವಾಪಸ್ ಬರುತ್ತದೆ, ದೊಡ್ಡದಿದ್ದರೆ ದೂರ ಹೋಗುತ್ತದೆ. ಚಿಹ್ನೆ ಮೈನಸ್ ಇದ್ದರೆ ಆ ಕಡೆ ಈ ಕಡೆ ತೂಗುತ್ತಾ ಸಾಗುತ್ತದೆ.

ಒಂದು ಪ್ರಶ್ನೆಯನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಬೆಲೆ ಒಂದು ವರ್ಷ ಏರಿ ಇನ್ನೊಂದು ವರ್ಷ ಇಳಿಯುವುದನ್ನು ನೋಡುತ್ತಲೇ ಇರುವ ಬೆಳೆಗಾರ ಮತ್ತೆ ಮತ್ತೆ ಕಳೆದ ವರ್ಷದ ಬೆಲೆಯನ್ನೇ ಯಾಕೆ ನಂಬುತ್ತಾನೆ? 1961ರಲ್ಲಿ ಜಾನ್ ಮ್ಯೂತ್ ಇದೇ ಮಾಡೆಲ್ ಹಿಡಿದು ಇದೇ ಪ್ರಶ್ನೆ ಎತ್ತಿದರು. ರ‍್ಯಾಷನಲ್ ಎಕ್ಸ್‌ಪೆಕ್ಟೇಷನ್ಸ್ ಎಂಬ ವಿಚಾರ ಹುಟ್ಟಿದ್ದು ಅಲ್ಲಿ: ಜನ ತಮಗೆ ಸಿಗುವ ಮಾಹಿತಿಯನ್ನೆಲ್ಲ ಬಳಸಿ ಮುಂದೇನಾಗುತ್ತದೆ ಎಂದು ಅಂದಾಜಿಸುತ್ತಾರೆ ಎಂಬ ವಿಚಾರ. ಅದರ ಪರಿಣಾಮ ಏಳನೇ ಹೆಜ್ಜೆಯಲ್ಲಿ ಕಾಣುತ್ತದೆ.

ಹೆಜ್ಜೆ 2: ಅದೇ ಲೆಕ್ಕ, ಬೇರೆ ವೇಷ

ಸರ್ಕಾರದ ಸಾಲ ಕೈಮೀರುತ್ತದೋ ಇಲ್ಲವೋ ಅನ್ನುವುದೂ ಇದೇ ಸಮೀಕರಣ. 1944ರಲ್ಲಿ ಎವ್ಸಿ ಡೋಮರ್ ಈ ಲೆಕ್ಕವನ್ನು ಮುಂದಿಟ್ಟರು. ಜಿಡಿಪಿಯ ಶೇಕಡಾವಾರು ಸಾಲವನ್ನು ನೋಡಿ. ಬಡ್ಡಿ ಅದನ್ನು ಹಿಗ್ಗಿಸುತ್ತದೆ, ಜಿಡಿಪಿ ಬೆಳವಣಿಗೆ ಕುಗ್ಗಿಸುತ್ತದೆ. ಬಡ್ಡಿ ಬಿಟ್ಟು ಉಳಿದ ಕೊರತೆ ಪ್ರತಿ ವರ್ಷ ಮೇಲೆ ಸೇರುತ್ತದೆ.

ಬಡ್ಡಿ ಶೇ 5, ಬೆಳವಣಿಗೆ ಶೇ 10, ಕೊರತೆ ಜಿಡಿಪಿಯ ಶೇ 2 ಅಂತಿಟ್ಟುಕೊಳ್ಳಿ. ಗುಣಕ 1.05 ÷ 1.10, ಅಂದರೆ 0.9545. ನಿಲ್ಲುವ ಜಾಗ ಶೇ 44. ಪ್ರತಿ ವರ್ಷ ಕೊರತೆ ಮಾಡುತ್ತಲೇ ಇದ್ದರೂ ಸಾಲದ ಪ್ರಮಾಣ 44ರ ಹತ್ತಿರ ಬಂದು ನಿಲ್ಲುತ್ತದೆ. ಈಗ ಬಡ್ಡಿ ಮತ್ತು ಬೆಳವಣಿಗೆಯನ್ನು ಅದಲುಬದಲು ಮಾಡಿ. ಗುಣಕ 1.0476. ನಿಲ್ಲುವ ಜಾಗ −42 ಎಂದು ಬರುತ್ತದೆ, ಅಂದರೆ ಸರ್ಕಾರವೇ ಬೇರೆಯವರಿಗೆ ಸಾಲ ಕೊಟ್ಟಿರಬೇಕು. ಅಲ್ಲಿಂದ ಒಂದಿಷ್ಟು ಸರಿದರೂ ಸಾಲ ದೂರ ಓಡುತ್ತದೆ. ಶೇ 60ರಲ್ಲಿರುವ ಸಾಲವನ್ನು ಅಲ್ಲೇ ನಿಲ್ಲಿಸಬೇಕಾದರೆ ಪ್ರತಿ ವರ್ಷ 60 × 0.0476, ಸುಮಾರು ಶೇ 2.86ರಷ್ಟು ಮಿಗತೆ ತೋರಿಸಬೇಕು. ಬಜೆಟ್ ಚರ್ಚೆಯಲ್ಲಿ ಬಡ್ಡಿ ಜಾಸ್ತಿಯೋ ಬೆಳವಣಿಗೆ ಜಾಸ್ತಿಯೋ ಎಂದು ಅಷ್ಟೊಂದು ತಲೆಕೆಡಿಸಿಕೊಳ್ಳುವುದು ಇದಕ್ಕೇ: ಗುಣಕ 1ರ ಯಾವ ಕಡೆ ಇದೆ ಅನ್ನುವುದು ಅದರಿಂದ ತೀರ್ಮಾನವಾಗುತ್ತದೆ.

ಹೆಜ್ಜೆ 3: ಗೆರೆ ಬಾಗಿದಾಗ

ಇಲ್ಲಿಯವರೆಗೆ ನಿಯಮಗಳೆಲ್ಲ ನೇರ ಗೆರೆ. ನಿಜವಾದ ಮಾಡೆಲ್‌ಗಳಲ್ಲಿ ಗೆರೆ ಬಾಗಿರುತ್ತದೆ. 1956ರಲ್ಲಿ ರಾಬರ್ಟ್ ಸೋಲೋ ಮತ್ತು ಟ್ರೆವರ್ ಸ್ವಾನ್ ಬೇರೆ ಬೇರೆಯಾಗಿ ಕೊಟ್ಟ ಬೆಳವಣಿಗೆ ಮಾಡೆಲ್ ಇದನ್ನು ಕಲಿಯಲು ಸರಿಯಾದ ಜಾಗ.

ಉತ್ಪಾದನೆ ಬಂಡವಾಳದ ವರ್ಗಮೂಲ ಎಂದಿಟ್ಟುಕೊಳ್ಳಿ. ಉಳಿತಾಯ ಶೇ 20, ಸವಕಳಿ ಶೇ 5, ಜನಸಂಖ್ಯೆ ಇದ್ದಷ್ಟೇ.

ಮುಂದಿನ ಬಂಡವಾಳ = ಈಗಿನ ಬಂಡವಾಳ + 0.2 × √ಬಂಡವಾಳ − 0.05 × ಬಂಡವಾಳ

ಉಳಿತಾಯವೂ ಸವಕಳಿಯೂ ಸಮವಾದಲ್ಲಿ ನಿಲ್ಲುತ್ತದೆ: √ಬಂಡವಾಳ 4, ಬಂಡವಾಳ 16, ಉತ್ಪಾದನೆ 4, ಅನುಭೋಗ 3.2. ಬಂಡವಾಳ 9 ಇದ್ದರೆ? ಉಳಿತಾಯ 0.6, ಸವಕಳಿ 0.45. ಮುಂದಿನ ವರ್ಷ 9.15. ಏರುತ್ತಿದೆ, ಆದರೆ ಆಮೆ ವೇಗದಲ್ಲಿ.

ಎಷ್ಟು ನಿಧಾನ ಎಂದು ತಿಳಿಯಲು ಬಾಗಿದ ಗೆರೆಯನ್ನು ನಿಲ್ಲುವ ಜಾಗದ ಹತ್ತಿರ ನೇರ ಗೆರೆ ಎಂದು ಭಾವಿಸುತ್ತೇವೆ. ಇದೇ ಲೀನಿಯರೈಸೇಷನ್. ಮಾಡುವುದು ಸುಲಭ. ನಿಯಮದ ಡೆರಿವೇಟಿವ್ ತೆಗೆದುಕೊಳ್ಳಿ, ಅದರಲ್ಲಿ 16 ಹಾಕಿ: 1 + 0.2 × 0.5 ÷ 4 − 0.05 = 0.975. ಕಾಬ್‌ವೆಬ್‌ನ −0.5 ಇದ್ದ ಜಾಗದಲ್ಲಿ ಈಗ 0.975 ಇದೆ. ಪ್ರತಿ ವರ್ಷ ದೂರ ಶೇ 2.5 ಮಾತ್ರ ಕಡಿಮೆಯಾಗುತ್ತದೆ. ಅರ್ಧ ದೂರ ಕ್ರಮಿಸಲು ಸುಮಾರು 27 ವರ್ಷ ಬೇಕು. ಡೆರಿವೇಟಿವ್‌ನಿಂದ ಬಂದ 0.975 ಎಂಬ ಸಂಖ್ಯೆಯನ್ನು ವರ್ಷಗಳ ಭಾಷೆಗೆ ತಿರುಗಿಸುವ ಈ ಅಭ್ಯಾಸ ಮಾಡಿಕೊಳ್ಳಿ. ಉತ್ತರ ಪತ್ರಿಕೆಯಲ್ಲಿ ‘ಮಾಡೆಲ್ ಸ್ಥಿರವಾಗಿದೆ’ ಎಂದಷ್ಟೇ ಬರೆಯುವವರು ಅರ್ಧ ಅರ್ಥಶಾಸ್ತ್ರವನ್ನು ಅಲ್ಲೇ ಬಿಟ್ಟುಬಂದಿರುತ್ತಾರೆ.

ಇನ್ನೊಂದು ಸಣ್ಣ ಪ್ರಯೋಗ. ಉಳಿತಾಯವನ್ನು ಶೇ 50 ಮಾಡಿ. ಬಂಡವಾಳ 100, ಉತ್ಪಾದನೆ 10, ಅನುಭೋಗ 5. ಶೇ 60 ಮಾಡಿದರೆ ಬಂಡವಾಳ 144, ಉತ್ಪಾದನೆ 12, ಆದರೆ ಅನುಭೋಗ 4.8ಕ್ಕೆ ಇಳಿಯುತ್ತದೆ. ಉಳಿತಾಯ ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನುವ ಮಾತಿಗೆ ಒಂದು ಮಿತಿ ಇದೆ. ಅದಕ್ಕೆ ಗೋಲ್ಡನ್ ರೂಲ್ ಎನ್ನುತ್ತಾರೆ. ಬಂಡವಾಳ 100 ಎಂಬ ಈ ಗುರುತನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಹೆಜ್ಜೆ 4: ನೆನಪು ಎರಡು ವರ್ಷದ್ದಾದರೆ

1939ರಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್ ಗುಣಕ (ಖರ್ಚು ಆದಾಯವನ್ನು ಹಿಗ್ಗಿಸುವುದು; ಮೇಲಿನ ಹೆಜ್ಜೆಗಳ ಗುಣಕ ಬೇರೆ) ಮತ್ತು ವೇಗವರ್ಧಕವನ್ನು (ಖರ್ಚಿನ ಏರಿಕೆ ಹೊಸ ಹೂಡಿಕೆ ತರುವುದು) ಜೋಡಿಸಿ ವ್ಯಾಪಾರ ಚಕ್ರದ ಒಂದು ಪುಟ್ಟ ಮಾಡೆಲ್ ಮಾಡಿದರು. ಜನ ಕಳೆದ ಅವಧಿಯ ಆದಾಯದ ಅರ್ಧ ಖರ್ಚು ಮಾಡುತ್ತಾರೆ. ಆ ಖರ್ಚು ಎಷ್ಟು ಏರಿತೋ ಅಷ್ಟೇ ಹೊಸ ಹೂಡಿಕೆ ಆಗುತ್ತದೆ. ಸರ್ಕಾರ ಪ್ರತಿ ಅವಧಿಗೆ 1 ಘಟಕ ಖರ್ಚು ಮಾಡುತ್ತದೆ. ಎಲ್ಲ ಸೇರಿಸಿದರೆ:

ಈಗಿನ ಆದಾಯ = 1 + ಕಳೆದ ಅವಧಿಯದು − 0.5 × ಅದಕ್ಕೂ ಹಿಂದಿನದು

ಸೊನ್ನೆಯಿಂದ ಹೊರಡಿ. 1, 2, 2.5, 2.5, 2.25, 2, 1.875, 1.875, 1.9375, 2. ನಿಲ್ಲುವ ಜಾಗ 2. ದೂರದ ಕಾಲಂ: −1, 0, 0.5, 0.5, 0.25, 0, −0.125, −0.125, −0.0625, 0. ಸೊನ್ನೆ ಎಲ್ಲೆಲ್ಲಿ ಬಂತು ನೋಡಿ. ಎರಡನೇ, ಆರನೇ, ಹತ್ತನೇ ಅವಧಿಯಲ್ಲಿ. ನಾಲ್ಕು ಅವಧಿಗೊಮ್ಮೆ ಸೊನ್ನೆ ದಾಟುತ್ತದೆ, ಹಾಗಾಗಿ ಒಂದು ಪೂರ್ತಿ ಸುತ್ತಿಗೆ ಎಂಟು ಅವಧಿ. 0.5 ಇದ್ದದ್ದು ನಾಲ್ಕು ಅವಧಿಯಾದ ಮೇಲೆ −0.125, ಅಂದರೆ ನಾಲ್ಕನೇ ಒಂದು ಭಾಗ.

ಈಗ ಗಣಿತಕ್ಕೆ ಬನ್ನಿ. ದೂರದ ಕಾಲಂ ಪ್ರತಿ ಅವಧಿಗೂ ಯಾವುದೋ ಒಂದು ಸಂಖ್ಯೆಯಿಂದ ಗುಣಿತವಾಗುತ್ತದೆ ಎಂದು ಊಹಿಸಿದರೆ, ಆ ಸಂಖ್ಯೆಯ ವರ್ಗದಿಂದ ಅದೇ ಸಂಖ್ಯೆಯನ್ನು ಕಳೆದು 0.5 ಕೂಡಿಸಿದರೆ ಸೊನ್ನೆ ಬರಬೇಕು. ವರ್ಗ ಸಮೀಕರಣ. ಮೂಲಗಳು ಕಾಂಪ್ಲೆಕ್ಸ್ ಸಂಖ್ಯೆಗಳು: 0.5 ಕೂಡು ಅಥವಾ ಕಳೆ, −1ರ ವರ್ಗಮೂಲದ 0.5 ಪಟ್ಟು. ಇದರ ಗಾತ್ರ √0.5, ಅಂದರೆ 0.707. ನಾಲ್ಕು ಸಲ ಗುಣಿಸಿದರೆ 0.25. ಕೋನ 45 ಡಿಗ್ರಿ. 360ನ್ನು 45ರಿಂದ ಭಾಗಿಸಿದರೆ 8. ಕೈಯಲ್ಲಿ ಮಾಡಿದ ಕಾಲಂನಲ್ಲಿ ಕಂಡ ಎಂಟು ಅವಧಿ, ನಾಲ್ಕನೇ ಒಂದು ಭಾಗ, ಎರಡೂ ಇಲ್ಲಿವೆ. ಕಾಂಪ್ಲೆಕ್ಸ್ ಸಂಖ್ಯೆ ಅಂದರೆ ಸುಮ್ನೆ ಹೆದರುವವರಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಗಾತ್ರ ಎಂದರೆ ಎಷ್ಟು ಬೇಗ ತಣ್ಣಗಾಗುತ್ತದೆ, ಕೋನ ಎಂದರೆ ಎಷ್ಟು ಅವಧಿಗೊಮ್ಮೆ ಸುತ್ತುತ್ತದೆ.

ಎರಡು ವರ್ಷದ ನೆನಪನ್ನು ಎರಡು ಚಲಕಗಳ ಮ್ಯಾಟ್ರಿಕ್ಸ್ ಆಗಿ ಬರೆಯಬಹುದು, ಆಗ ಈ ಮೂಲಗಳೇ ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯಗಳು. ಪರೀಕ್ಷೆಯಲ್ಲಿ ಸಮಯ ಉಳಿಸುವ ಒಂದು ದಾರಿ ಇದೆ: ಮೂಲ ಕಾಂಪ್ಲೆಕ್ಸ್ ಆಗಿದ್ದರೆ ಗಾತ್ರದ ವರ್ಗವೇ ಡಿಟರ್ಮಿನೆಂಟ್. ಅದು 1ಕ್ಕಿಂತ ಕಡಿಮೆ ಇದೆಯೇ ಎಂದು ನೋಡಿದರೆ ಮುಗಿಯಿತು.

ಹೆಜ್ಜೆ 5: ನಿರಂತರ ಸಮಯ

ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾಗಿಲ್ಲ. ‘ಮುಂದಿನ ವರ್ಷ ಎಷ್ಟು’ ಎನ್ನುವ ಬದಲು ‘ಈ ಕ್ಷಣ ಎಷ್ಟು ವೇಗದಲ್ಲಿ ಬದಲಾಗುತ್ತಿದೆ’ ಎಂದು ಕೇಳುತ್ತೇವೆ. ನಿಲ್ಲುವ ಜಾಗ ವೇಗ ಸೊನ್ನೆಯಾದಲ್ಲಿ. ವಾಪಸ್ ಬರುತ್ತದೋ ಇಲ್ಲವೋ ಎಂದು ನೋಡುವ ನಿಯಮ ಮಾತ್ರ ಬದಲಾಗುತ್ತದೆ: 1ರ ಜೊತೆ ಹೋಲಿಸುವ ಬದಲು ಸೊನ್ನೆಯ ಜೊತೆ ಹೋಲಿಸಬೇಕು. ಐಗನ್ ಮೌಲ್ಯ ಋಣವಾಗಿದ್ದರೆ, ಕಾಂಪ್ಲೆಕ್ಸ್ ಆಗಿದ್ದರೆ ಅದರ ವಾಸ್ತವ ಭಾಗ ಋಣವಾಗಿದ್ದರೆ, ವಾಪಸ್ ಬರುತ್ತದೆ. ಈ ಎರಡು ನಿಯಮಗಳನ್ನು ಒಂದಕ್ಕೊಂದು ಬೆರೆಸಿಬಿಡುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಜಾಗ. ಸೋಲೋ ಮಾಡೆಲ್‌ನ 0.975 ನಿರಂತರ ಸಮಯದಲ್ಲಿ −0.025 ಎಂದು ಕಾಣಿಸುತ್ತದೆ.

ಹೆಜ್ಜೆ 6: ಈಗ ಆಯ್ಕೆ ಬಂತು

ಇಲ್ಲಿಯವರೆಗೆ ಜನ ಒಂದು ನಿಯಮಕ್ಕೆ ಕಟ್ಟುಬಿದ್ದು ನಡೆದರು. ಉಳಿತಾಯ ಶೇ 20 ಅಂದರೆ ಶೇ 20. ಈಗ ಅವರೇ ಆರಿಸಿಕೊಳ್ಳಲಿ.

ಒಂದು ಗಣಿಯಲ್ಲಿ 100 ಘಟಕ ಇದೆ. ಹೊಸದಾಗಿ ಏನೂ ಸೇರುವುದಿಲ್ಲ. ಪ್ರತಿ ವರ್ಷ ತೆಗೆದದ್ದರಿಂದ ಸಿಗುವ ತುಷ್ಟಿಗುಣ, ಅಂದರೆ ತೃಪ್ತಿಯ ಅಳತೆ, ಅದರ ಲಾಗ್. ನಾಳೆಯ ತುಷ್ಟಿಗುಣಕ್ಕೆ ಇವತ್ತು ಕೊಡುವ ಬೆಲೆ 0.9 ಪಟ್ಟು; ಈ 0.9ಕ್ಕೆ ಕಡಿತದ ಅಂಶ ಎನ್ನುತ್ತಾರೆ. ಎರಡೇ ವರ್ಷ ಇದ್ದರೆ 52.6 ಮತ್ತು 47.4. ಮೂರು ವರ್ಷ ಇದ್ದರೆ 36.9, 33.2, 29.9. ಕೊನೆಯೇ ಇಲ್ಲದಿದ್ದರೆ ಮೊದಲ ವರ್ಷ 10, ಆಮೇಲೆ 9, ಆಮೇಲೆ 8.1, ಹೀಗೆ ಪ್ರತಿ ವರ್ಷ ಉಳಿದದ್ದರಲ್ಲಿ ಹತ್ತನೇ ಒಂದು ಭಾಗ.

ಈ ಉತ್ತರಗಳಲ್ಲೆಲ್ಲ ಒಂದೇ ಗುಣ ಇದೆ. ಇವತ್ತಿನಿಂದ ಒಂದು ಚೂರು ತೆಗೆದು ನಾಳೆಗೆ ಹಾಕಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಲಾಗ್‌ನ ಸೀಮಾಂತ ತುಷ್ಟಿಗುಣ 1 ಭಾಗಿಸು ಪ್ರಮಾಣ. ಇವತ್ತು 1 ÷ 10 = 0.1. ನಾಳೆ 0.9 × 1 ÷ 9 = 0.1. ಇದೇ ಆಯ್ಲರ್ ಸಮೀಕರಣ. ಲಾಗ್ರಾಂಜ್, ಹ್ಯಾಮಿಲ್ಟೋನಿಯನ್, ಬೆಲ್‌ಮನ್ ಎಂದು ಮೂರು ದಾರಿಗಳಿವೆ. ಮೂರೂ ಕೊನೆಗೆ ಇದೇ ಬಾಗಿಲಿಗೆ ಬರುತ್ತವೆ. ಯಾವ ದಾರಿಯಲ್ಲಿ ಬಂದರೂ ಸಿಕ್ಕ ಸಮೀಕರಣವನ್ನು ‘ಒಂದು ಚೂರು ಇವತ್ತಿನಿಂದ ನಾಳೆಗೆ’ ಎಂಬ ಮಾತಿನಲ್ಲಿ ಓದಿ ನೋಡಿ. ಓದಲು ಬರಲಿಲ್ಲ ಎಂದರೆ ಎಲ್ಲೋ ಲೆಕ್ಕ ತಪ್ಪಿದೆ.

ಆದರೆ ಆಯ್ಲರ್ ಸಮೀಕರಣ ಒಂದೇ ಸಾಲದು. ಮೊದಲ ವರ್ಷ 10ರ ಬದಲು 5 ತೆಗೆಯಿರಿ, ಆಮೇಲೆ 4.5, ಆಮೇಲೆ 4.05. ಪ್ರತಿ ಜೋಡಿ ವರ್ಷಕ್ಕೂ ಸಮೀಕರಣ ಸರಿಹೋಗುತ್ತದೆ. ಆದರೆ ಎಷ್ಟೇ ವರ್ಷ ಕಳೆದರೂ ಒಟ್ಟು ತೆಗೆಯುವುದು 50, ಇನ್ನು 50 ಸುಮ್ಮನೆ ಗಣಿಯಲ್ಲೇ ಉಳಿಯುತ್ತದೆ. 11ರಿಂದ ಹೊರಟರೆ ಒಟ್ಟು 110 ಬೇಕಾಗುತ್ತದೆ, ಅಷ್ಟು ಇಲ್ಲವೇ ಇಲ್ಲ. 10ರಿಂದ ಹೊರಟ ದಾರಿ ಮಾತ್ರ ಸರಿ. ಈ ಆಯ್ಕೆ ಮಾಡಿಕೊಡುವ ಷರತ್ತಿಗೆ ಟ್ರಾನ್ಸ್‌ವರ್ಸಾಲಿಟಿ ಎಂಬ ಬಾಯಿಗೆ ಬಾರದ ಹೆಸರಿದೆ. ಹೇಳುವುದಿಷ್ಟೇ: ಬೆಲೆಬಾಳುವುದನ್ನು ಕೊನೆಯವರೆಗೂ ಬಳಸದೆ ಬಿಡಬೇಡ.

ಹೆಜ್ಜೆ 7: ರ‍್ಯಾಮ್ಸೆ ಮತ್ತು ಒಂದೇ ಒಂದು ದಾರಿ

ಮೂರನೇ ಹೆಜ್ಜೆಯ ಬಂಡವಾಳ, ಆರನೇ ಹೆಜ್ಜೆಯ ಆಯ್ಕೆ, ಎರಡನ್ನೂ ಸೇರಿಸಿದರೆ ರ‍್ಯಾಮ್ಸೆ ಮಾಡೆಲ್. ಫ್ರ್ಯಾಂಕ್ ರ‍್ಯಾಮ್ಸೆ 1928ರಲ್ಲಿ ಇದನ್ನು ಬರೆದಾಗ ಅವರಿಗಿನ್ನೂ 25 ವರ್ಷ. 1965ರಲ್ಲಿ ಡೇವಿಡ್ ಕ್ಯಾಸ್ ಮತ್ತು ಟ್ಯಾಲಿಂಗ್ ಕೂಪ್ಮನ್ಸ್ ಅದಕ್ಕೆ ಇವತ್ತಿನ ರೂಪ ಕೊಟ್ಟರು. ಈ ಹೆಜ್ಜೆಗೆ ಒಂದು ವಾರ ಕೊಟ್ಟರೂ ನಷ್ಟವಿಲ್ಲ.

ಉತ್ಪಾದನೆ √ಬಂಡವಾಳ, ಸವಕಳಿ ಶೇ 5, ಮೊದಲಿನಂತೆಯೇ. ಜನರ ಅಸಹನೆ, ಅಂದರೆ ನಾಳೆಯನ್ನು ಕಡಿಮೆ ಬೆಲೆಗೆ ಎಣಿಸುವ ದರ, ಶೇ 5. ತುಷ್ಟಿಗುಣ ಲಾಗ್. ಎರಡು ನಿಯಮ:

ಬಂಡವಾಳದ ಬದಲಾವಣೆ = √ಬಂಡವಾಳ − 0.05 × ಬಂಡವಾಳ − ಅನುಭೋಗ
ಅನುಭೋಗದ ಬೆಳವಣಿಗೆ ದರ = 0.5 ÷ √ಬಂಡವಾಳ − 0.10

ಎರಡನೆಯದು ಆಯ್ಲರ್ ಸಮೀಕರಣವೇ. ಬಂಡವಾಳದಿಂದ ಬರುವ ಸೀಮಾಂತ ಉತ್ಪನ್ನ, ಸವಕಳಿ ಮತ್ತು ಅಸಹನೆ ಸೇರಿದ ಶೇ 10ಕ್ಕಿಂತ ಜಾಸ್ತಿ ಇದ್ದರೆ ಕಾಯುವುದು ಲಾಭ, ಹಾಗಾಗಿ ಅನುಭೋಗ ಕಾಲಕ್ರಮದಲ್ಲಿ ಏರುತ್ತದೆ.

ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಬಂಡವಾಳ, ಲಂಬಕ್ಕೆ ಅನುಭೋಗ. ಅನುಭೋಗ ನಿಲ್ಲುವುದು √ಬಂಡವಾಳ 5 ಆದಾಗ: ಬಂಡವಾಳ 25ರಲ್ಲಿ ಒಂದು ನೇರ ಲಂಬ ಗೆರೆ. ಬಂಡವಾಳ ನಿಲ್ಲುವುದು ಒಂದು ಗುಡ್ಡದಂಥ ಗೆರೆಯ ಮೇಲೆ, ಅದರ ತುದಿ ಬಂಡವಾಳ 100ರಲ್ಲಿ. ನೆನಪಿಟ್ಟುಕೊಳ್ಳಿ ಎಂದ ಗೋಲ್ಡನ್ ರೂಲ್ ಅದೇ. ಎರಡೂ ಸೇರುವ ಜಾಗದಲ್ಲಿ ಬಂಡವಾಳ 25, ಉತ್ಪಾದನೆ 5, ಅನುಭೋಗ 3.75. ಜನ ನಾಳೆಗಿಂತ ಇವತ್ತನ್ನು ಹೆಚ್ಚು ಇಷ್ಟಪಡುವುದರಿಂದ ಗುಡ್ಡದ ತುದಿಯವರೆಗೆ ಹತ್ತುವುದೇ ಇಲ್ಲ.

ಗೆರೆಗಳು ಹಾಳೆಯನ್ನು ನಾಲ್ಕು ಭಾಗ ಮಾಡುತ್ತವೆ. ಪ್ರತಿ ಭಾಗದಲ್ಲಿ ಒಂದು ಬಿಂದು ಆರಿಸಿ, ಎರಡೂ ನಿಯಮಗಳಲ್ಲಿ ಅಂಕಿ ಹಾಕಿ, ಬಾಣ ಬರೆಯಿರಿ. ಬಾಣಗಳನ್ನು ಬಾಯಿಪಾಠ ಮಾಡಬೇಡಿ. ಎರಡು ಭಾಗಗಳಲ್ಲಿ ಬಾಣಗಳು ಮಧ್ಯದ ಕಡೆ ತಿರುಗಿರುತ್ತವೆ, ಇನ್ನೆರಡರಲ್ಲಿ ಹೊರಕ್ಕೆ.

ಈಗ ಅಂಕಿ. ಸಮತೋಲನದ ಹತ್ತಿರ ಲೀನಿಯರೈಸ್ ಮಾಡಿದರೆ ಮ್ಯಾಟ್ರಿಕ್ಸ್‌ನ ಮೊದಲ ಸಾಲು 0.05 ಮತ್ತು −1, ಎರಡನೇ ಸಾಲು −0.0075 ಮತ್ತು 0. ಕರ್ಣದ ಮೊತ್ತ 0.05, ಡಿಟರ್ಮಿನೆಂಟ್ −0.0075. ಡಿಟರ್ಮಿನೆಂಟ್ ಋಣ ಎಂದರೆ ಒಂದು ಮೂಲ ಧನ, ಒಂದು ಋಣ. ಲೆಕ್ಕ ಮಾಡಿದರೆ 0.115 ಮತ್ತು −0.065.

ಮೊದಲ ಹೆಜ್ಜೆಯ ಪಾಠದ ಪ್ರಕಾರ ಇದು ಅಸ್ಥಿರ. ಒಂದು ಮೂಲ ಹೊರಕ್ಕೆ ಎಳೆಯುತ್ತಿದೆಯಲ್ಲ! ಆದರೆ ಇಲ್ಲಿ ಆ ತೀರ್ಪು ತಪ್ಪು. ಕಾಬ್‌ವೆಬ್‌ನಲ್ಲಿ ಬೆಲೆ ಎಲ್ಲಿಂದ ಹೊರಡಬೇಕು ಎಂಬುದನ್ನು ಇತಿಹಾಸ ಹೇಳುತ್ತಿತ್ತು. ಇಲ್ಲಿ ಬಂಡವಾಳ ಎಷ್ಟಿದೆ ಎಂಬುದನ್ನು ಮಾತ್ರ ಇತಿಹಾಸ ಹೇಳುತ್ತದೆ. ಅನುಭೋಗ ಇವತ್ತು ಎಷ್ಟು ಎಂಬುದನ್ನು ಜನ ಮುಂದೆ ನೋಡಿ ಆರಿಸುತ್ತಾರೆ, ಅದು ಬೇಕಾದಲ್ಲಿಗೆ ಜಿಗಿಯಬಲ್ಲದು. ಮ್ಯೂತ್ ಎತ್ತಿದ ಪ್ರಶ್ನೆ ಸ್ಥಿರತೆಯ ಅರ್ಥವನ್ನೇ ಬದಲಿಸಿತು. ಕುದುರೆ ಜೀನಿನ ಮೇಲೆ ಗೋಲಿ ಬಿಟ್ಟರೆ ಒಂದೇ ಒಂದು ಗೆರೆಯ ಮೇಲೆ ಬಿಟ್ಟಾಗ ಮಾತ್ರ ನಡುವಿಗೆ ಬರುತ್ತದೆ, ಉಳಿದೆಲ್ಲ ಕಡೆ ಪಕ್ಕಕ್ಕೆ ಜಾರುತ್ತದೆ. ಆ ಗೆರೆಯೇ ಸ್ಯಾಡಲ್ ಪಾತ್. ಜನ ಅನುಭೋಗವನ್ನು ಆರಿಸಿಕೊಳ್ಳುವುದು ಆ ಗೆರೆಯ ಮೇಲೇ. ಆರನೇ ಹೆಜ್ಜೆಯಲ್ಲಿ 5ನ್ನೂ 11ನ್ನೂ ಬಿಟ್ಟು 10ನ್ನು ಆರಿಸಿದ್ದೂ ಇದೇ ಕೆಲಸ.

ಗೆರೆಯ ಇಳಿಜಾರು ಮೊದಲ ಸಾಲಿನಿಂದ ಸಿಗುತ್ತದೆ: 0.05 + 0.065 = 0.115. ಬಂಡವಾಳ 25ರ ಬದಲು 20 ಇದ್ದರೆ ಅನುಭೋಗ ಸುಮಾರು 3.75 − 5 × 0.115, ಅಂದರೆ 3.17. ಆಗ ಉತ್ಪಾದನೆ 4.47. ಉಳಿತಾಯ 1.30, ಅಂದರೆ ಶೇ 29. ಸಮತೋಲನದಲ್ಲಿ ಉಳಿತಾಯ ಶೇ 25 ಮಾತ್ರ. ಬಂಡವಾಳ ಕಡಿಮೆ ಇರುವಾಗ ಜನ ಜಾಸ್ತಿ ಉಳಿಸುತ್ತಾರೆ, ಹಾಗಾಗಿ ದೂರ ವರ್ಷಕ್ಕೆ ಶೇ 6.5ರಂತೆ ಕುಗ್ಗುತ್ತದೆ, ಅರ್ಧ ದಾರಿಗೆ ಸುಮಾರು 11 ವರ್ಷ ಸಾಕು. ಸೋಲೋ ಮಾಡೆಲ್‌ನಲ್ಲಿ ಉಳಿತಾಯವನ್ನು ಶೇ 25ಕ್ಕೆ ಕಟ್ಟಿಹಾಕಿದರೆ ನಿಲ್ಲುವ ಜಾಗ ಇದೇ 25, ಆದರೆ ವೇಗ ಅದೇ ಶೇ 2.5. ಗುರಿ ಒಂದೇ, ಪ್ರಯಾಣ ಬೇರೆ. ಡೈನಾಮಿಕ್ ಗಣಿತ ಯಾಕೆ ಬೇಕು ಎಂದು ಕೇಳುವವರಿಗೆ ಈ ಎರಡು ಸಂಖ್ಯೆ ತೋರಿಸಿ.

ದೊಡ್ಡ ಮಾಡೆಲ್‌ಗಳಲ್ಲೂ ಎಣಿಕೆ ಇದೇ. ಜಿಗಿಯಬಲ್ಲ ಚಲಕಗಳು ಎಷ್ಟಿವೆಯೋ ಹೊರಕ್ಕೆ ಎಳೆಯುವ ಮೂಲಗಳೂ ಅಷ್ಟೇ ಇರಬೇಕು. ಇದು 1980ರ ಬ್ಲಾಂಚಾರ್ಡ್ ಮತ್ತು ಕಾನ್ ಅವರ ಷರತ್ತು. ಮೂಲಗಳು ಕಡಿಮೆಯಾದರೆ ದಾರಿಗಳು ಲೆಕ್ಕವಿಲ್ಲದಷ್ಟು. ಜಾಸ್ತಿಯಾದರೆ ದಾರಿಯೇ ಇಲ್ಲ. ಇಂಥ ಮಾಡೆಲ್‌ಗಳನ್ನು ಬಿಡಿಸುವ ಡೈನೇರ್ ಸಾಫ್ಟ್‌ವೇರ್ ನಿಮ್ಮ ಮೇಲೆ ಬ್ಲಾಂಚಾರ್ಡ್-ಕಾನ್ ಎಂದು ಸಿಡುಕಿದಾಗ ಅದು ಎಣಿಸುತ್ತಿರುವುದು ಇದನ್ನೇ. ಹೆಚ್ಚಿನ ಸಲ ಕಾರಣ ಒಂದು ಸಮಯದ ಗುರುತು ತಪ್ಪಾಗಿರುವುದು: ಈ ಅವಧಿಯ ಬಂಡವಾಳ ಎಂದು ಬರೆಯುವಲ್ಲಿ ಮುಂದಿನ ಅವಧಿಯದನ್ನು ಬರೆದಿರುತ್ತೀರಿ.

ಹೆಜ್ಜೆ 8: ಕಂಪ್ಯೂಟರ್‌ಗೆ ಒಪ್ಪಿಸುವುದು

ಒಂದರಿಂದ ನಾಲ್ಕನೇ ಹೆಜ್ಜೆಯವರೆಗೆ ಎಕ್ಸೆಲ್ ಸಾಕು. ಆಮೇಲೆ ಪೈಥಾನ್ ಅಥವಾ ಆಕ್ಟೇವ್ ಕಲಿಯಿರಿ, ಎರಡೂ ಉಚಿತ. ಮೊದಲು ಬರೆಯಬೇಕಾದ ಪ್ರೋಗ್ರಾಂ ವ್ಯಾಲ್ಯೂ ಫಂಕ್ಷನ್ ಇಟರೇಷನ್. 1950ರ ದಶಕದಲ್ಲಿ ರಿಚರ್ಡ್ ಬೆಲ್‌ಮನ್ ಕೊಟ್ಟ ವಿಚಾರ ಇದು. ಇವತ್ತಿನ ಬಂಡವಾಳದ ಬೆಲೆ ಎಂದರೆ ಇವತ್ತಿನ ತುಷ್ಟಿಗುಣ, ಅದಕ್ಕೆ ಕೂಡಿಸಿದ ನಾಳೆಯ ಬಂಡವಾಳದ ಕಡಿತ ಬೆಲೆ, ಎರಡೂ ಸೇರಿ ಎಷ್ಟು ದೊಡ್ಡದಾಗಬಲ್ಲದೋ ಅಷ್ಟು. ಆ ಬೆಲೆ ಗೊತ್ತಿಲ್ಲ, ಹಾಗಾಗಿ ಏನೋ ಒಂದು ಊಹೆ ಹಾಕಿ. ಸೊನ್ನೆ ಹಾಕಿದರೂ ನಡೆಯುತ್ತದೆ. ಬಲಗಡೆ ಹಾಕಿ ಎಡಗಡೆ ಪಡೆಯಿರಿ, ಅದನ್ನೇ ಮತ್ತೆ ಬಲಗಡೆ ಹಾಕಿ. ಪ್ರತಿ ಸುತ್ತಿಗೂ ತಪ್ಪು ಕಡಿತದ ಅಂಶದಷ್ಟು ಪಟ್ಟು ಕುಗ್ಗುತ್ತದೆ. ಇಲ್ಲೂ ಒಂದು ಗುಣಕ, 1ಕ್ಕಿಂತ ಕಡಿಮೆ. ಕಡಿತದ ಅಂಶ 0.95 ಇದ್ದರೆ ತಪ್ಪನ್ನು ಸಾವಿರದಲ್ಲೊಂದು ಭಾಗಕ್ಕೆ ಇಳಿಸಲು ಸುಮಾರು 135 ಸುತ್ತು ಬೇಕು. 0.99 ಇದ್ದರೆ ಸುಮಾರು 690. ಕಡಿತದ ಅಂಶ 1ಕ್ಕೆ ಇನ್ನಷ್ಟು ಹತ್ತಿರ ಇರುವ ತ್ರೈಮಾಸಿಕ ಮಾಡೆಲ್‌ಗಳು ನಿಧಾನ ಎಂದು ಬೈಯುವ ಮುಂಚೆ ಇದನ್ನು ನೆನೆಯಿರಿ.

ಪ್ರೋಗ್ರಾಂ ಉತ್ತರ ಕೊಟ್ಟ ಮಾತ್ರಕ್ಕೆ ನಂಬಬೇಡಿ. ಉತ್ತರ ಮೊದಲೇ ಗೊತ್ತಿರುವ ಲೆಕ್ಕವೊಂದನ್ನು ಅದಕ್ಕೆ ಕೊಡಿ. 1972ರ ಬ್ರಾಕ್ ಮತ್ತು ಮಿರ್ಮನ್ ಮಾಡೆಲ್ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಅನಿಶ್ಚಿತತೆಯನ್ನು ತೆಗೆದುಹಾಕಿ. ತುಷ್ಟಿಗುಣ ಲಾಗ್, ಬಂಡವಾಳ ಒಂದೇ ಅವಧಿಯಲ್ಲಿ ಪೂರ್ತಿ ಸವೆದುಹೋಗುತ್ತದೆ, ಉತ್ಪಾದನೆ ಬಂಡವಾಳದ 0.3ನೇ ಘಾತ, ಕಡಿತದ ಅಂಶ 0.9. ಸರಿಯಾದ ಉತ್ತರ: ಯಾವಾಗಲೂ ಉತ್ಪಾದನೆಯ 0.3 × 0.9, ಅಂದರೆ ಶೇ 27 ಉಳಿಸುವುದು. ಬಂಡವಾಳ ಸುಮಾರು 0.154ರಲ್ಲಿ ನಿಲ್ಲುತ್ತದೆ. ನಿಮ್ಮ ಪ್ರೋಗ್ರಾಂ, ಲೆಕ್ಕಕ್ಕೆ ಆರಿಸಿಕೊಂಡ ಬಂಡವಾಳದ ಬಿಂದುಗಳ ಸಾಲಾದ ಗ್ರಿಡ್‌ನ ಎಲ್ಲ ಬಿಂದುಗಳಲ್ಲೂ ಶೇ 27ರ ಹತ್ತಿರ ತೋರಿಸಿದರೆ ಮುಂದೆ ಹೋಗಿ. ಮೆಟ್ಟಿಲು ಮೆಟ್ಟಿಲಾಗಿ 25, 29 ಎಂದು ಜಿಗಿಯುತ್ತಿದ್ದರೆ ಗ್ರಿಡ್ ಒರಟಾಗಿದೆ, ಬಿಂದುಗಳನ್ನು ಹೆಚ್ಚಿಸಿ. ಮೇಲಿನ ತುದಿಯಲ್ಲಿ ಮಾತ್ರ ಉಳಿತಾಯ ಕಡಿಮೆಯಾಗಿ ಮೊಟಕಾಗಿದ್ದರೆ ಗ್ರಿಡ್‌ನ ಗಡಿ ಅಡ್ಡ ಬರುತ್ತಿದೆ, ಗಡಿಯನ್ನು ದೂರ ಸರಿಸಿ. ಎಲ್ಲ ಕಡೆಯೂ ಸಮನಾಗಿ ಶೇ 30 ಬರುತ್ತಿದ್ದರೆ ಕಡಿತದ ಅಂಶ 0.9ರಿಂದ ಗುಣಿಸುವ ಜಾಗದಲ್ಲಿ ನೀವು 1 ಬಿಟ್ಟಿದ್ದೀರಿ.